ಹಲಗೆಯ ಬೆನ್ನಿಗೆ ಬಿದ್ದ ಗುರುತು

"ಮರಗೆಲಸದ ಮೇಸ್ತ್ರಿ ಇಲ್ವಾ?"

"ಎದುರಿಗೇ ನಿಂತಿದ್ದೀನಲ್ಲ, ಕಾಣಿಸಲ್ವಾ?"

ಮೋಟಾರ್ ರಿಪೇರಿಯವನು ಬಾಗಿಲಲ್ಲೇ ತಬ್ಬಿಬ್ಬಾದ. ಕೈಯಲ್ಲಿ ಉಳಿ ಹಿಡಿದ ಹೆಣ್ಣನ್ನು ಅವನು ಅದುವರೆಗೆ ನೋಡಿರಲಿಲ್ಲ. ಒಂದು ಮಾತಿಗೆ ಕಿವಿ ಕೆಂಪಾಗುವ ಗಂಡಸನ್ನು ಅವಳೂ ನೋಡಿರಲಿಲ್ಲ!

ಹಾಸಿಗೆ ಹಿಡಿದಿದ್ದ ಅಪ್ಪ ಒಳಕೋಣೆಯಿಂದ ಕೂಗಿದರು. "ಯಾರಮ್ಮ? ಹೆದರಿಸಿ ಓಡಿಸ್ಬೇಡ. ಗಿರಾಕಿ ಮುಖ ನೋಡಿ ತಿಂಗಳಾಯ್ತು!"

ಆ ಗುಡ್ಡದ ಓಣಿಗೆ ಕರೆಂಟ್ ಬಂದಿರಲಿಲ್ಲ. ಗಾಳಿಗೆ ಮಾತ್ರ ಬರವಿರಲಿಲ್ಲ. ಹಳೆಯ ಮೋಟಾರಿಗೆ ಮರದ ರೆಕ್ಕೆ ಕಟ್ಟಿ, ಗಾಳಿಯಿಂದಲೇ ದೀಪ ಉರಿಸುವ ಹುಚ್ಚು ಅವನಿಗೆ. ರೆಕ್ಕೆಯ ಕಾಗದದ ಅಚ್ಚು ಕೊಟ್ಟು, "ಮೂರು ಬೇಕು. ಮೊದಲ ದೀಪ ನಿಮ್ಮಪ್ಪನ ಕೋಣೆಗೇ" ಎಂದ.

ಅವಳಿಗೆ ಅಷ್ಟೇ ಸಾಕಾಯಿತು. ಮೂವತ್ತು ದಿನ ಕೆತ್ತಿದಳು. ಅವನು ದಿನವೂ ಏನಾದರೊಂದು ನೆಪ ಹೇಳಿಕೊಂಡು ಬಂದ.

ಮನೆಯ ಮಾಡಿನ ಮೇಲೆ ರೆಕ್ಕೆ ತಿರುಗಿ, ಅಪ್ಪನ ಕೋಣೆಯ ದೀಪ ಹನ್ನೊಂದು ದಿನ ಉರಿಯಿತು. ಹನ್ನೆರಡನೆಯ ದಿನದ ಬಿರುಗಾಳಿಗೆ ನಟ್ಟು ಬಿಚ್ಚಿ, ಹಾರಿಬಂದ ರೆಕ್ಕೆ ಅಂಗಳದಲ್ಲಿ ಬಟ್ಟೆ ಎತ್ತುತ್ತಿದ್ದ ಅವಳ ಬಲಗೈಗೆ ಬಡಿಯಿತು.

ಮೂರು ಬೆರಳು ಮತ್ತೆ ಮಡಚಲಿಲ್ಲ. ಆಸ್ಪತ್ರೆಗೆ ಹೊತ್ತೊಯ್ದವನು ಅವನೇ. ಆಮೇಲೆ ಮುಖ ತೋರಿಸಲಿಲ್ಲ...

'ಕೈ ಹೋದವಳು ಯಾರಿಗೆ ಬೇಕು?' ಎರಡು ತಿಂಗಳು ಅವಳು ಇದನ್ನೇ ಮೆಲುಕು ಹಾಕಿದಳು. ಅಳು ಕೂಡ ಬರಲಿಲ್ಲ.

ಒಂದು ಮಧ್ಯಾಹ್ನ ಅವನು ಬಂದು ನಿಂತ. ಅರ್ಧಕ್ಕರ್ಧ ಸೊರಗಿದ್ದ.

"ಕೈ ನೋಡೋಕೆ ಬಂದ್ರಾ? ನೋಡಿ. ತುತ್ತು ಎತ್ತೋಕೂ ಆಗಲ್ಲ. ಅಯ್ಯೋ ಪಾಪ ಅಂದು ಹೋಗ್ಬಿಡಿ!"

"ಅಚ್ಚಿನ ಗುರುತನ್ನ ಹಲಗೆಯ ಬೆನ್ನಿಗೆ ಹಾಕಿದ್ರಿ, ಅಲ್ವಾ?"

"ಹೌದು. ಹಲಗೆಯ ಮುಖದ ಮೇಲೆ ಪೆನ್ಸಿಲ್ ಗೆರೆ ಕಾಣಬಾರದು ಅಂತ ಅಪ್ಪ ಕಲಿಸಿದ್ದು."

"ಅದರಿಂದ ರೆಕ್ಕೆಯ ಓರೆ ಎಡಬಲ ಅದಲುಬದಲಾಯ್ತು. ರೆಕ್ಕೆ ಉಲ್ಟಾ ತಿರುಗ್ತು. ಹಾಗೆ ತಿರುಗಿದ್ರೆ ನಟ್ಟು ತಾನಾಗೇ ಸಡಿಲಾಗುತ್ತೆ."

"ಹಾಗಾದ್ರೆ... ನನ್ನದೇ ತಪ್ಪು!"

"ಅಲ್ಲ. ನಾನು ಮೊದಲ ದಿನವೇ ನೋಡಿದ್ದೆ." ಅವನು ತಲೆ ಎತ್ತಲಿಲ್ಲ. "ನೀವು ಅಷ್ಟು ಖುಷಿಯಾಗಿ ತಂದುಕೊಟ್ರಿ. ಕೆಟ್ಟಿದೆ ಅನ್ನೋಕೆ ಬಾಯಿ ಬರಲಿಲ್ಲ. ಇನ್ನೊಂದು ನಟ್ಟು ಬಿಗಿದ್ರೆ ನಿಲ್ಲುತ್ತೆ ಅಂದ್ಕೊಂಡೆ. ಪ್ರೀತಿಸ್ತಿದ್ದೆ ನಿಮ್ಮನ್ನ..."

"ಪ್ರೀತಿಸ್ತಿದ್ರಂತೆ!" ಅವಳು ಕೂಗಿದಳು. "ಹೇಳಿದ್ರೆ ಒಂದು ವಾರ ಮುನಿಸ್ಕೊಳ್ತಿದ್ದೆ. ಮತ್ತೆ ಕೆತ್ತಿ ಕೊಡ್ತಿದ್ದೆ. ಆಗ ಕೈ ಇತ್ತು ನಂಗೆ!"

ಅವನು ತಿರುಗಿ ಬಾಗಿಲು ದಾಟಿದ. ಮೆಟ್ಟಿಲು ಇಳಿದ.

"ನಿಲ್ಲಿ."

ಅವಳು ಕೆಲಸದ ಮೇಜಿನ ಕೆಳಗಿಂದ ಒಂದು ಹಲಗೆ ಎಳೆದಳು. "ಎಡಗೈಲಿ ಕೆತ್ತಿದ ಹೊಸ ರೆಕ್ಕೆ. ಅಪ್ಪ ಚೆನ್ನಾಗಿದೆ ಅಂತಾರೆ. ನೀವು ಹೇಳಿ."

ಅವನು ಹಲಗೆಯ ಮೇಲೆ ನಿಧಾನವಾಗಿ ಬೆರಳಾಡಿಸಿದ.

"ಚೆನ್ನಾಗಿಲ್ಲ. ತುದಿ ದಪ್ಪ. ನಡುವೆಲ್ಲ ಮರದ ಎಳೆ ಕಿತ್ತಿದೆ."

ಅವಳು ಗೊಳೋ ಎಂದು ಅತ್ತಳು. ಎರಡು ತಿಂಗಳ ಮೇಲೆ ಮೊದಲ ಸಲ. ಅವನು ಕಣ್ಣೊರೆಸಲು ಬರಲಿಲ್ಲ, ಹೋಗಲೂ ಇಲ್ಲ.

"ಹಲಗೆ ಅಲ್ಲಾಡುತ್ತೆ. ಹಿಡ್ಕೊಳ್ಳೋರಿಲ್ಲ," ಎಂದಳು ಕೊನೆಗೆ.

"ನಾನು ಹಿಡ್ಕೊಳ್ತೀನಿ."

"ಎಷ್ಟು ದಿನ?"

"ಚೆನ್ನಾಗಿ ಬರೋವರೆಗೂ."

"ಈ ಕೈಲಿ ಬರಲ್ಲ ಕಣ್ರೀ..."

"ಗೊತ್ತು," ಎಂದು ಅವನು ಹಲಗೆಯ ಇನ್ನೊಂದು ತುದಿ ಹಿಡಿದು ಕುಳಿತ.