ಮಾಸ್ತರರ ಗಂಟಲು ಕಟ್ಟಿದ ದಿನ

ತಾಷ್ಕೆಂಟಿನಲ್ಲಿ ಶಾಸ್ತ್ರೀಜಿ ತೀರಿಕೊಂಡರೆಂದು ಬೆಳಗಿನ ರೇಡಿಯೋ ಹೇಳಿತು. ತಾಂಬಾ ಊರಿನ ಜನವೆಲ್ಲ ಪಂಚಾಯತಿ ಕಟ್ಟೆಯ ಮುಂದೆ ನೆರೆದರೂ ಟೇಲರ್ ಮೋದಿನಸಾಬರ ಮಗಳು ಸಗೀರಾ ಮನೆ ಬಿಟ್ಟು ಕದಲಲಿಲ್ಲ. ಅಂಗಿಗೆ ಕಾಜಾ ಹೊಲಿಯುತ್ತ ಕೂತಳು. ಸೂಜಿ ಮೂರು ಸಲ ಬೆರಳಿಗೇ ಚುಚ್ಚಿತು. ಮನಸ್ಸು ಇಪ್ಪತ್ತು ತಿಂಗಳ ಹಿಂದಕ್ಕೆ ಹೋಗಿಬಿಟ್ಟಿತ್ತು.

ಅದು ನೆಹರೂ ಅವರ ಅಂತ್ಯಯಾತ್ರೆಯ ದಿನ. ಮೇ ತಿಂಗಳ ಕೆಂಡದಂಥ ಬಿಸಿಲು. ಪಂಚಾಯತಿ ಕಟ್ಟೆಯ ರೇಡಿಯೋದಲ್ಲಿ ದಿಲ್ಲಿಯಿಂದ ನೇರವಾಗಿ ಕಾಮೆಂಟರಿ ಬರುತ್ತಿತ್ತು, ಆದರೆ ಹಿಂದಿಯಲ್ಲಿ. ಮನೆಯಲ್ಲಿ ದಖನಿ ಉರ್ದು ಆಡುವವರಿಗೂ ಆ ಗ್ರಾಂಥಿಕ ಹಿಂದಿ ತಲೆಗೆ ಹತ್ತಲಿಲ್ಲ. ಊರಿನ ಮಾನ ಉಳಿಸಿದವರು ಉರ್ದು ಶಾಲೆಯ ಜೈನುದ್ದೀನ ಮಾಸ್ತರರು. ಸಿಂದಗಿಯವರು, ಹಿಂದಿಯ ರಾಷ್ಟ್ರಭಾಷಾ ಪರೀಕ್ಷೆ ಪಾಸಾದವರು, ವಯಸ್ಸು ಇಪ್ಪತ್ತೈದಾದರೂ ಗತ್ತಿನಲ್ಲಿ ಐವತ್ತು ದಾಟಿದವರು. ರೇಡಿಯೋಕ್ಕೆ ಕಿವಿ ಹಚ್ಚಿ ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳಿದರು. ಪಾರ್ಥಿವ ಶರೀರ ಹೊತ್ತ ತೋಪಿನ ಗಾಡಿ ಹೊರಟಿತು, ದಾರಿಯುದ್ದಕ್ಕೂ ಜನ, ಮರಗಳ ಮೇಲೂ ಜನ. ಕೇಳುತ್ತ ಕೇಳುತ್ತ ಹಿರಿಯರು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು.

ಹೆಂಗಸರೆಲ್ಲ ಪಂಚಾಯತಿ ಕೋಣೆಯೊಳಗೆ ಕಿಟಕಿಯ ಹಿಂದೆ ನಿಂತಿದ್ದರು. ಇಂಡಿ ಪಟ್ಟಣದಲ್ಲಿ ಅದೇ ಪರೀಕ್ಷೆ ಕಟ್ಟಿ ಮಾಸ್ತರರಿಗಿಂತ ಹೆಚ್ಚು ಮಾರ್ಕ್ಸ್ ತಗೊಂಡಿದ್ದ ಸಗೀರಾ, ಪಕ್ಕದ ಸಿದ್ದಲಿಂಗವ್ವನ ಕಿವಿಯಲ್ಲಿ ಮೆಲ್ಲಗೆ ಅರ್ಥ ಹೇಳುತ್ತಿದ್ದಳು. ಮಾಸ್ತರರು ಎರಡು ಸಲ ಇತ್ತ ನೋಡಿದರು. ಎರಡನೆಯ ಸಲ ಕಣ್ಣಿಗೆ ಕಣ್ಣು ಕೂಡಿತು. ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು, ಆದರೆ ಕಿಟಕಿ ಬಿಟ್ಟು ಸರಿಯಲಿಲ್ಲ.

ಚಿತೆಗೆ ಬೆಂಕಿ ಇಡುವ ಹೊತ್ತಿಗೆ ಮಾಸ್ತರರ ಗಂಟಲು ಕಟ್ಟಿತು. ಯಾರೋ ತಂಬಿಗೆ ನೀರು ಕೊಟ್ಟರು. ಕುಡಿದರು, ಆದರೂ ಬಾಯಿ ತೆರೆಯಲಿಲ್ಲ. ರೇಡಿಯೋ ಹೇಳುತ್ತಲೇ ಇತ್ತು, ಜನ ಚಡಪಡಿಸಿದರು. ಆಗ ಕಿಟಕಿಯೊಳಗಿಂದ ಸಗೀರಾಳ ದನಿ ಎದ್ದಿತು. ಕೊನೆಯವರೆಗೂ ಅವಳೇ ಹೇಳಿದಳು.

ಅದರ ಫಲ ವಾರದೊಳಗೇ ಸಿಕ್ಕಿತು. ಕೊಲ್ಹಾರದಲ್ಲಿ ಅವಳಿಗೆ ನಿಶ್ಚಯವಾಗಿದ್ದ ಸಂಬಂಧದವರು, ಗಂಡಸರ ಮುಂದೆ ದನಿ ಎತ್ತಿದ ಹುಡುಗಿ ಬೇಡವೆಂದು ಹೇಳಿಕಳಿಸಿದರು. ಮೋದಿನಸಾಬರು ಎರಡು ದಿನ ಹೊಲಿಗೆ ಮಷಿನ್ ತುಳಿಯಲಿಲ್ಲ.

ಮರುತಿಂಗಳು ಮಾಸ್ತರರ ಚಿಕ್ಕಮ್ಮ ಹಜರಾಬಿ ಹೆಣ್ಣು ಕೇಳಲು ಬಂದಾಗ ಮನೆಯೆಲ್ಲ ಹಿಗ್ಗಿತು. ಸಗೀರಾ ಒಲ್ಲೆ ಅಂದಳು. ಅವಳಿಗೆ ಮಾಸ್ತರರ ಮೇಲೆ ಜೀವವಿತ್ತು, ಅದೇ ತೊಂದರೆ. ತನ್ನಿಂದ ಹುಡುಗಿಯ ಮದುವೆ ಮುರಿಯಿತಲ್ಲ ಎಂಬ ಕನಿಕರಕ್ಕೆ ಕೈಹಿಡಿಯುವ ಗಂಡ ಅವಳಿಗೆ ಬೇಕಿರಲಿಲ್ಲ. ಆಮೇಲೆ ಮಾಸ್ತರರ ಅಂಗಿಯ ಗುಂಡಿಗಳು ತಿಂಗಳಿಗೆರಡು ಸಲ ಕಿತ್ತು ಮೋದಿನಸಾಬರ ಪಡಸಾಲೆಯ ಅಂಗಡಿಗೆ ಬರುತ್ತಿದ್ದವು. ಗುಂಡಿಗಳು ಬಂದವೇ ಹೊರತು ಮಾತು ಬರಲಿಲ್ಲ.

ಇವತ್ತು ಮಾಸ್ತರರು ಗುಂಡಿಯ ನೆಪವಿಲ್ಲದೆ ಬಂದರು. ನಾಳೆ ದಿಲ್ಲಿಯಿಂದ ಮತ್ತೆ ಅಂತ್ಯಯಾತ್ರೆಯ ಕಾಮೆಂಟರಿ ಬರುತ್ತದೆ, ಸಗೀರಾನೇ ಹೇಳಬೇಕೆಂದು ಊರವರು ಕಳಿಸಿದ್ದಾರೆ ಅಂದರು. ಮೋದಿನಸಾಬರು ಅವಳನ್ನೇ ಕೇಳಿರೆಂದು ಹೇಳಿ, ಪಡಸಾಲೆಯ ಆ ತುದಿಗೆ ಹೋಗಿ ಅಳೆದ ಬಟ್ಟೆಯನ್ನೇ ಮತ್ತೆ ಅಳೆಯತೊಡಗಿದರು.

"ಒಂದ್ ಸಲ ಹೇಳಿದ್ದಽ ಸಾಕಾಗೇತ್ರಿ ಮಾಸ್ತರ್ರ," ಅಂದಳು ಸಗೀರಾ, ಕಣ್ಣೆತ್ತದೆ.

ಮಾಸ್ತರರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಗತ್ತು ಎಲ್ಲಿ ಹೋಯಿತೋ.

"ಅವತ್ತ ನನ್ನ ಗಂಟಲ ಕಟ್ಟಿದ್ದು ಖರೇರಿ. ನೀರ ಕುಡಿದ ಮ್ಯಾಲ ಸರಿ ಆಗಿತ್ತು. ನಿಮ್ಮ ದನಿ ಸಣ್ಣಗ ಕೇಳಾಕತ್ತಿತ್ತು. ಪೂರಾ ಕೇಳಬೇಕನಿಸಿ, ಬೇಕಂತಽ ಸುಮ್ಮನಿದ್ದೆ."

ದೇಶಕ್ಕೆ ದೇಶವೇ ಅಳುವಾಗ ತನಗೆ ಇಂಥ ಆಸೆ ಹುಟ್ಟಿತಲ್ಲ ಎಂಬ ನಾಚಿಕೆಗೆ ಇಷ್ಟು ದಿನ ಹೇಳಲಾಗಲಿಲ್ಲವಂತೆ. ಚಿಕ್ಕಮ್ಮನನ್ನು ಕಳಿಸಿದ್ದು ಕನಿಕರಕ್ಕಲ್ಲವಂತೆ. ಹೇಳುತ್ತ ಹೇಳುತ್ತ ಅವರ ಕಿವಿ ಕೆಂಪಾದವು.

ಸಗೀರಾ ಅಂಗಿಯನ್ನು ಮಡಿಲಿಗೆ ಇಳಿಸಿದಳು. ಕಣ್ಣು ತುಂಬಿದ್ದವು, ತುಟಿಯ ಅಂಚಿನಲ್ಲಿ ನಗುವೂ ಇತ್ತು.

"ನೀವು ತಂಬಿಗಿ ಕೆಳಗಿಟ್ಟು ಕಿಟಕಿ ಕಡೆ ನೋಡಿದ್ದು ನಾ ನೋಡೇನ್ರಿ. ಬೇಕಂತ ಸುಮ್ಮನದೀರಿ ಅಂತ ಆವಾಗಽ ಗೊತ್ತಾತು. ಯಾಕ ಅಂತ ನಿಮ್ಮ ಬಾಯಿಂದ ಕೇಳೂದಿತ್ತು."

"ಗೊತ್ತಿದ್ದೂ ಹೇಳಿದ್ರಿ?"

"ನೀವು ಕೇಳಾಕತ್ತೀರಿ ಅಂತಽ ಹೇಳಿದೆ."

ಪಡಸಾಲೆಯ ತುದಿಯಲ್ಲಿ ಬಟ್ಟೆ ಅಳೆಯುವ ಕೈ ನಿಂತಿತು.

"ನಾಳಿ ಹೇಳ್ತೇನ್ರಿ," ಅಂದಳು ಸಗೀರಾ. "ಆದ್ರ ಕಿಟಕಿ ಒಳಗ ನಿಂತು ಅಲ್ಲ. ಎಲ್ಲಾರ ಮುಂದ, ನಿಮ್ಮ ಬಾಜೂಕ. ಆಮ್ಯಾಲ ಹೆಣ್ಣ ಕೇಳಾಕ ಬ್ಯಾರೆ ಯಾರೂ ಬರೂದಿಲ್ಲ. ವಿಚಾರ ಮಾಡ್ರಿ."

"ಇಪ್ಪತ್ತು ತಿಂಗಳ ವಿಚಾರ ಮಾಡೇನ್ರಿ," ಅಂದರು ಮಾಸ್ತರರು.

ಮರುದಿನ ಪಂಚಾಯತಿ ಕಟ್ಟೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮೋದಿನಸಾಬರು ಅಂಗಡಿಯ ಸ್ಟೂಲನ್ನು ತಾವೇ ಹೊತ್ತು ತಂದು, ಜನರ ನಡುವೆ ದಾರಿ ಮಾಡಿಕೊಂಡು, ಮಾಸ್ತರರ ಪಕ್ಕದಲ್ಲಿ ಇಟ್ಟರು. ಆಮೇಲೆ ಮಗಳನ್ನು ಕರೆದು ಕೂರಿಸಿದರು.