ಮೊದಲ ಗ್ಲಾಸ್ ಯಾರಿಗೆ?

ಸರ್ರ್ರ್...!

ನೆಲ್ ಬಿಯರ್ ಪೀಪಾಯಿಯ ನಲ್ಲಿ ತಿರುಗಿಸಿದ್ದೇ ತಡ, ಚಿಮ್ಮಿದ ನೊರೆ ಎದುರಿಗೆ ನಿಂತಿದ್ದ ಗೆಳೆಯ ಆಲ್ಬಿಯ ಮುಖ, ಗಡ್ಡ, ಇಸ್ತ್ರಿ ಅಂಗಿ ಎಲ್ಲವನ್ನೂ ತೋಯಿಸಿಬಿಟ್ಟಿತು!

ಯಾರ್ಕ್‌ಶೈರ್‌ನ ಆ ಪುಟ್ಟ ಊರಿನ ಸಭಾಂಗಣವೇ ಘೊಳ್ಳೆಂದು ನಕ್ಕಿತು. ನೆಲ್‌ಗೆ ಮಾತ್ರ ಅಳುವೇ ಬಂತು. ಮನೆಯಲ್ಲಿ ಬಿಯರ್ ಮಾಡುವವರೆಲ್ಲ ಸೇರಿ ಸ್ಪರ್ಧೆ ನಡೆಸುವ ದಿನವಿದು. ಪೀಪಾಯಿಯ ಮೊದಲ ಗ್ಲಾಸನ್ನು ಮನಸ್ಸಿಗೆ ಹತ್ತಿರವಾದವರ ಕೈಗೆ ಕೊಡುವುದು ಈ ಊರಿನ ರೂಢಿ. ಅದು ಆಲ್ಬಿಗೇ ಎಂದು ಅವಳು ಎಂದೋ ನಿರ್ಧರಿಸಿದ್ದಳು. ಬಾಯಿಬಿಟ್ಟು ಹೇಳುವ ಧೈರ್ಯ ಎಲ್ಲಿತ್ತು? ಗ್ಲಾಸೇ ಹೇಳಲಿ ಎಂದುಕೊಂಡಿದ್ದಳು. ಈಗ ನೋಡಿದರೆ... ಬರೀ ನೊರೆ!

"ನಿಂದೇ ಕೆಲಸ ಇದು! ವ್ಯಾನಲ್ಲಿ ತರುವಾಗ ಕುಲುಕಿಸಿದೀಯ!" ಎಂದು ಆಲ್ಬಿಯ ಮೇಲೆ ಹರಿಹಾಯ್ದಳು.

"ಅಯ್ಯೋ, ಮಗೂನ ಎತ್ಕೊಂಡು ಬಂದ ಹಾಗೆ ತಂದೆ ಕಣೇ!"

"ಸುಮ್ನಿರು! ನಿನ್ನ ಬಿಯರೇ ಗೆಲ್ಲಲಿ ಅಂತ ಹೊಟ್ಟೆಕಿಚ್ಚು ನಿಂಗೆ!"

ಆಲ್ಬಿಯ ಮುಖ ಸಣ್ಣಗಾಯಿತು. ಅಂಗಿ ಕೊಡವಿಕೊಂಡು ಬಾಗಿಲ ಕಡೆ ನಡೆದ.

'ಹೋಗ್ಬೇಡ್ವೋ...' ನೆಲ್‌ಳ ಮನಸ್ಸು ಕೂಗಿತು.

ಅಷ್ಟರಲ್ಲಿ ಅವಳ ಅಪ್ಪ ಸೆಡ್ರಿಕ್ ಪೀಪಾಯಿ ತಟ್ಟಿ ನೋಡಿದ. "ಕುಲುಕಿದ್ದಕ್ಕೇ ಇಷ್ಟೊಂದು ಗ್ಯಾಸ್ ಆಗಲ್ಲ ಮಗಳೇ. ಈಸ್ಟ್ ಸಕ್ಕರೆ ತಿಂದ್ರೆ ತಾನೇ ಗ್ಯಾಸು? ಪೀಪಾಯಿ ಮುಚ್ಚೋ ಮುಂಚೆ ಸಕ್ಕರೆ ಎಷ್ಟು ಹಾಕ್ದೆ?"

"ನೀನು ಹೇಳಿದಷ್ಟೇ ಅಪ್ಪ. ಅಡುಗೆಮನೆ ಡಬ್ಬಿಯಿಂದ."

ಬಾಗಿಲ ಬಳಿ ಆಲ್ಬಿ ಗಕ್ಕನೆ ನಿಂತ. "ಡಬ್ಬಿಯಿಂದಾನಾ? ಮತ್ತೆ ಪೀಪಾಯಿ ಪಕ್ಕ ಸಕ್ಕರೆ ಪೊಟ್ಟಣ ಇತ್ತಲ್ಲ?"

"ಅದನ್ನ ನಾನು ಮುಟ್ಟೇ ಇಲ್ವಲ್ಲ!"

ಆಲ್ಬಿ ನಾಲಿಗೆ ಕಚ್ಚಿಕೊಂಡ. "ಅದಕ್ಕೇ ಕಣೇ... ಪೀಪಾಯಿ ಮುಚ್ಚೋ ದಿನ ಒಡೆಯದ ಪೊಟ್ಟಣ ನೋಡಿ ನೀನು ಮರೆತೆ ಅಂದ್ಕೊಂಡೆ. ಗ್ಯಾಸಿಲ್ಲದ ಬಿಯರ್ ಕೊಟ್ಟು ಎಲ್ಲರ ಮುಂದೆ ನೀನು ತಲೆ ತಗ್ಗಿಸಬಾರದು ಅಂತ... ನಾನೂ ಹಾಕ್ಬಿಟ್ಟೆ."

"ಒಂದು ಮಾತು ಹೇಳೋಕೇನಾಗಿತ್ತೋ?"

"ಹೇಳಿದ್ರೆ, 'ನಂಗೇ ಕಲಿಸ್ತೀಯಾ' ಅಂತ ನನ್ನ ನುಂಗಿ ನೀರು ಕುಡೀತಿದ್ದೆ!"

ನೆಲ್‌ಗೆ ನಾಚಿಕೆಯಾಯಿತು, ನಗುವೂ ಬಂತು. ತನಗಾಗಿ ಕದ್ದು ಸಕ್ಕರೆ ಹಾಕಿದವನನ್ನು ಹೊಟ್ಟೆಕಿಚ್ಚಿನವ ಎಂದುಬಿಟ್ಟೆನಲ್ಲ!

"ಇಬ್ಬರೂ ಸೇರಿ ಗ್ಯಾಸ್ ತುಂಬಿಸಿದ್ದೀರಿ, ಇಬ್ಬರೂ ಸೇರಿ ಇಳಿಸಿ!" ಎಂದ ಸೆಡ್ರಿಕ್.

ಮುಚ್ಚಳ ಒಂಚೂರು ಸಡಿಲಿಸಿದರು. ಬುಸ್ಸ್... ಮತ್ತೆ ಬಿಗಿದರು. ಸ್ವಲ್ಪ ಕಾದು ಮತ್ತೆ ಸಡಿಲಿಸಿದರು. ಮುಚ್ಚಳದ ಮೇಲೆ ಸೇರಿದ ಎರಡು ಕೈಗಳನ್ನು ತೆಗೆಯುವ ಅವಸರ ಯಾರಿಗೂ ಇರಲಿಲ್ಲ.

ಬುಸುಗುಟ್ಟುವುದು ನಿಂತ ಮೇಲೆ ನೆಲ್ ಗ್ಲಾಸ್ ಓರೆ ಹಿಡಿದು ನಲ್ಲಿಯನ್ನು ಮೆಲ್ಲಗೆ ತಿರುಗಿಸಿದಳು. ಜೇನುಬಣ್ಣದ ಬಿಯರ್, ಮೇಲೆ ಎರಡು ಬೆರಳಷ್ಟೇ ನೊರೆ! ತೀರ್ಪುಗಾರರು ಕೈಚಾಚಿದರು. ಅವಳು ಅವರನ್ನು ದಾಟಿ ಹೋಗಿ ಆಲ್ಬಿಯ ಮುಂದೆ ನಿಂತಳು.

"ತಪ್ಪಾಯ್ತು ಕಣೋ. ತಗೋ... ಮೊದಲನೇ ಗ್ಲಾಸು."

"ಮೊದಲನೇದು ಆಗ್ಲೇ ಮುಖಕ್ಕೆ ಕೊಟ್ಯಲ್ಲ!"

"ಹಾಗಾದ್ರೆ ಎರಡನೇದೂ ನಿಂಗೇ."

ಆಲ್ಬಿಯ ದನಿ ಮೆತ್ತಗಾಯಿತು. "ಮುಂದಿಂದು?"

"ಎಲ್ಲಾನೂ ನಿಂಗೇ," ಎಂದಳು ನೆಲ್, ಅವನ ಗಡ್ಡದಲ್ಲಿ ಉಳಿದಿದ್ದ ನೊರೆ ಒರೆಸುತ್ತಾ. "ಸಕ್ಕರೆ ಮಾತ್ರ ಇನ್ಮೇಲೆ ನನ್ನ ಕೇಳಿ ಹಾಕು!"