ಎರಡು ಕಡೆಯ ಅರ್ಥ

ಶಾಂಭವಿ ನನ್ನ ಕಣ್ಣಿಗೆ ಬಿದ್ದ ದಿನವೇ ನನ್ನ ಕನ್ನಡ ತಿದ್ದಿದಳು.

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಜಿಲಾನಿ ಚಾಚಾ ಅವರ ಹಳೆ ರೇಡಿಯೋ ಸಾಮಾನಿನ ಅಂಗಡಿ. ನನ್ನಂಥ ವಾಲ್ವ್ ರೇಡಿಯೋ ಹುಚ್ಚರಿಗೆ ಅದೊಂದೇ ಗತಿ. ಅವತ್ತು ನಾನು ಅಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಆಂಪ್ಲಿಫೈಯರ್‌ಗೆ ಕಿವಿಗೊಟ್ಟು, “ಗುಂಯ್ ಅನ್ನಾಕತ್ತೈತ್ರಿ ಚಾಚಾ. ಇದರ ಅರ್ಥ ಸರಿ ಇಲ್ಲ,” ಎಂದೆ.

“ಅರ್ಥ ಬೇಕಾದ್ರ ನನ್ನ ಕೇಳ್ರಿ,” ಎಂದಿತು ಹಿಂದಿನಿಂದ ಒಂದು ದನಿ. “ಟಿಕೋಟಾ ಸಾಲ್ಯಾಗ ಕನ್ನಡ ಕಲಿಸ್ತೀನಿ.”

ತಿರುಗಿದೆ. ಹೆಗಲಲ್ಲಿ ಗಿಟಾರ್ ಚೀಲ, ಎದೆಗೆ ಕೂಸಿನಂತೆ ಅಪ್ಪಿಕೊಂಡ ಹಳೆಯ ವಾಲ್ವ್ ರೇಡಿಯೋ. ನಗು ತುಟಿಗೆ ಇನ್ನೂ ಬಂದಿರಲಿಲ್ಲ, ಕಣ್ಣಲ್ಲೇ ಕಾಯುತ್ತಿತ್ತು.

“ಆ ಅರ್ಥ ಅಲ್ರಿ. ಕರೆಂಟಿಂದು. ಭೂಮಿಗೆ ಹೋಗೋ ತಂತಿ.”

“ಹಂಗಾರ ಅದು ಅರ್ಥ್. ಕಡೀ ಅಕ್ಷರ ಅರ್ಧ ಅನಬೇಕ್ರಿ.”

“ನಾವು ರಿಪೇರಿ ಮಂದಿ ಪೂರಾನ ಅಂತೀವ್ರಿ.”

“ಪೂರಾ ಅಂದ್ರ ಅರ್ಥ ಕೆಡತೈತಿ.”

ಚಾಚಾ ನಕ್ಕರು. ನನಗೆ ಸಿಟ್ಟು ಬಂತು. ಸಿದ್ಧೇಶ್ವರ ಗುಡಿಯ ಹಿಂದಿನ ನನ್ನ ಮೈಕ್ ರಿಪೇರಿ ಅಂಗಡಿ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಆ ಕಣ್ಣು ಮಾತ್ರ ಇಳಿಯಲಿಲ್ಲ.

ರೇಡಿಯೋ ಅವಳ ತೀರಿಹೋದ ಅಪ್ಪನದು. ಅದರೊಳಗಿಂದಲೇ ತನ್ನ ಗಿಟಾರ್ ನುಡಿಯಬೇಕೆಂಬುದು ಅವಳ ಆಸೆ. ಐತವಾರಕ್ಕೊಮ್ಮೆ ಟಿಕೋಟಾ ಬಸ್ಸು ಹತ್ತಿ ನನ್ನ ಅಂಗಡಿಗೆ ಬರತೊಡಗಿದಳು. ಎರಡು ತಿಂಗಳ ಕೆಲಸಕ್ಕೆ ನಾನು ಎಂಟು ತಿಂಗಳು ತೆಗೆದುಕೊಂಡೆ. ಉಳಿದ ಆರು ತಿಂಗಳು ಬಿಚ್ಚಿದ್ದನ್ನೇ ಬಿಚ್ಚಿದೆ. ಅವಳಿಗೂ ಅದು ಗೊತ್ತಿತ್ತು.

“ಇದು ಹೋದ ವಾರ ಹಾಕಿದ ಬೆಸುಗಿ ಅಲ್ರಿ?”

“ಸಡ್ಲ ಆಗಿತ್ರಿ.”

“ತಾನಾಗೇ ಸಡ್ಲ ಆತೋ, ಯಾರರ ಮಾಡಿದ್ರೋ?”

ನಾನು ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಸಿಕ್ಕಿಬೀಳುತ್ತಿದ್ದೆ.

ಮೂರನೇ ತಿಂಗಳು ಬೆಸುಗೆ ಹಾಕುವಾಗ ನನ್ನ ಬೆರಳು ಸುಟ್ಟಿತು. “ನೋಡಿ ಮಾಡಬಾರದೇನ ನೀ?” ಎಂದುಬಿಟ್ಟಳು. ಎಂದವಳು ತಾನೇ ಬೆಚ್ಚಿ ಗೋಡೆ ಕಡೆ ಮುಖ ತಿರುಗಿಸಿದಳು. ಕಿವಿಯ ತುದಿ ಕೆಂಪಾಗಿತ್ತು. ಅವತ್ತಿನಿಂದ ನಮ್ಮ ನಡುವಿನ ‘ರಿ’ ಬಿದ್ದುಹೋಯಿತು, ನಾನು ಅವಳಿಗೆ ‘ನೀ’ ಆದೆ. ಒಂದು ಬೆರಳಿಗೆ ಅಷ್ಟು ಸಿಕ್ಕರೆ ಅಗ್ಗವೇ.

ಆದರೆ ಆಡಬೇಕಾದ ಮಾತು ಮಾತ್ರ ಆಡಲಿಲ್ಲ. “ಊರ ಮಂದಿ ಮೈಕಿಗೆಲ್ಲಾ ದನಿ ಹಚ್ಚತಿ, ನಿನ್ನ ಬಾಯಿಗೆ ಯಾರು ಹಚ್ಚಬೇಕೋ ಸಂಗನಬಸು?” ಎಂದು ಚಾಚಾ ಹಂಗಿಸುತ್ತಿದ್ದರು.

ಕಡೆಗೂ ರೇಡಿಯೋ ಟಿಕೋಟಾಕ್ಕೆ ಹೋಯಿತು. ಅಲ್ಲಿ ಅವಳೇ ಒಂದು ಸ್ಟೀಲ್ ಡಬ್ಬಿಯಲ್ಲಿ, ಗಿಟಾರಿನ ದನಿಯನ್ನು ಗೊಗ್ಗರು ಮಾಡುವ ಪೆಡಲ್ ಕಟ್ಟಿಕೊಂಡಳು.

ಒಂದು ಸೋಮವಾರ ನಾನು ಬಬಲೇಶ್ವರದಲ್ಲಿ ಮದುವೆ ಮನೆಯ ಮಾಳಿಗೆ ಮೇಲೆ ಸ್ಪೀಕರ್ ಕಟ್ಟುತ್ತಿದ್ದೆ. ಅವಳ ಮೆಸೇಜ್ ಬಂತು: “ಪೆಡಲ್ ಹಚ್ಚಿದ ಕೂಡ್ಲೆ ಗುಂಯ್ ಅನ್ನಾಕತ್ತೈತಿ. ಏನ ಮಾಡ್ಲಿ?”

ಸುಲಭದ ರೋಗ. ಪೆಡಲ್ಲಿಗೂ ಒಂದು ಅರ್ಥ್, ರೇಡಿಯೋಕ್ಕೂ ಒಂದು ಅರ್ಥ್. ನಡುವಿನ ಕೇಬಲ್ಲು ಎರಡನ್ನೂ ಕೂಡಿಸಿದರೆ ಕರೆಂಟು ಸುತ್ತು ಹೊಡೆಯುತ್ತ ಗುಂಯ್‌ಗುಡುತ್ತದೆ. ಕೇಬಲ್ಲಿನ ಒಳತಂತಿಯ ಸುತ್ತ ಹೆಣೆದ ಜಾಳಿಗೆ ತಂತಿಯನ್ನು ಒಂದು ತುದಿಯಲ್ಲಿ ಬಿಡಿಸಿದರೆ ಸಾಕು. ಒಂದು ಕೈಯಲ್ಲಿ ಸ್ಪೀಕರ್ ಹಿಡಿದುಕೊಂಡೇ ಬರೆದೆ: “ಎರಡು ಕಡೆ ಅರ್ಥ ಹಿಡಕೊಂಡ್ರ ಹಿಂಗ ಆಗತೈತಿ. ಒಂದು ಕಡೆ ಬಿಟ್ಟಬಿಡು. ಶಾಂತ ಆಗತೈತಿ.”

ನೆಟ್‌ವರ್ಕ್ ಇರಲಿಲ್ಲ. ಮೆಸೇಜ್ ಹೋಗದೆ ನಿಂತಿತು. ಫೋನ್ ಜೇಬಿಗಿಟ್ಟೆ.

ಕೆಳಗಿಳಿದು ಮತ್ತೆ ನೋಡಿದಾಗ, ಅದು ಹೋಗಿತ್ತು. ಅದರ ಕೆಳಗೆ ಅವಳದೇ ಇನ್ನೊಂದು ಮಾತು ಬಂದಿತ್ತು: “ಬಾಗಲಕೋಟಿ ಸಂಬಂಧ ಬಂದೈತಿ. ಎರಡು ದಿನದಾಗ ಹೇಳು ಅಂದಾರ. ನಾ ಏನ ಹೇಳ್ಲಿ?”

‘ಬ್ಯಾಡ’ ಎಂದು ಬರೆದೆ. ಅಳಿಸಿದೆ. ಮತ್ತೆ ಬರೆದು ಅಳಿಸಿದೆ. ಇಂಥ ಮಾತು ಎದುರಿಗೆ ನಿಂತು ಹೇಳಬೇಕು ಅಂದುಕೊಂಡೆ. ಅದು ನೆವ. ಅಂಜಿದ್ದೆ. ಎರಡು ದಿನ ಇದೆಯಲ್ಲ ಎಂದು ಧೈರ್ಯ ಕೂಡಿಸುತ್ತ ಕೂತೆ.

ಬುಧವಾರ ಮಧ್ಯಾಹ್ನ ಟಿಕೋಟಾಕ್ಕೆ ಹೋದೆ. ಬಾಗಿಲಲ್ಲೇ ಅವಳ ಅವ್ವ ಶಂಕ್ರೆವ್ವ ನನ್ನ ಅಂಗೈಗೆ ಒಂದು ಹಿಡಿ ಸಕ್ಕರೆ ಸುರಿದಳು. “ಬಾ ತಮ್ಮಾ. ಮೊದ್ಲು ಬಾಯಿ ಸಿಹಿ ಮಾಡ್ಕೋ.”

ಹಳೆ ರೇಡಿಯೋ ಮತ್ತೆ ಮಾತಾಡಿದ್ದಕ್ಕೆ ಇರಬೇಕೆಂದು ಬಾಯಿಗೆ ಹಾಕಿಕೊಂಡೆ.

“ಶಾಂಭವಿದು ಮದುವಿ ನಿಕ್ಕಿ ಆತು. ಮುಂಜಾನೆ ಬೀಗರು ಬಂದು ಸಕ್ಕರಿ ಹಾಕಿ ಹೋದ್ರು.”

ಬಾಯಲ್ಲಿದ್ದ ಸಕ್ಕರೆ ಉಗುಳುವಂತಿರಲಿಲ್ಲ, ನುಂಗಿದೆ.

ಒಳಕೋಣೆಯಲ್ಲಿ ಅವಳು ರೇಡಿಯೋದ ಮುಂದೆ ಕೂತಿದ್ದಳು. ಹೊಸ ಬಳೆ, ಹಳೆಯ ಮುಖ. “ಬರ್ರಿ. ಗುಂಯ್ ಅನ್ನೋದು ಹೋಗಿಲ್ರಿ ಇನ್ನೂ.”

‘ರಿ’ ವಾಪಸ್ ಬಂದಿತ್ತು. ಸಕ್ಕರೆಗಿಂತ ಅದನ್ನು ನುಂಗುವುದು ಕಷ್ಟವಾಯಿತು.

“ಎರಡು ದಿನ ಅಂದಿದ್ದೆಲ್ಲ ಶಾಂಭವಿ. ಇವತ್ತಿಗೆ ಎರಡು ದಿನ.”

“ನಿಮ್ಮ ಉತ್ರ ಎರಡು ನಿಮಿಷದಾಗ ಬಂತಲ್ರಿ.” ಫೋನ್ ನನ್ನ ಮುಂದೆ ಹಿಡಿದಳು. ಅವಳ ಫೋನಿನಲ್ಲಿ ಸಾಲು ಬೇರೆ ಇತ್ತು. ಗುಂಯ್ ಎಂಬ ಪ್ರಶ್ನೆ, ಬಾಗಲಕೋಟೆಯ ಪ್ರಶ್ನೆ, ಅದರ ಕೆಳಗೆ, ನೆಟ್‌ವರ್ಕ್ ಇಲ್ಲದೆ ತಡವಾಗಿ ಹೋದ ನನ್ನ ಮಾತು. ಒಂದು ಕಡೆ ಬಿಟ್ಟಬಿಡು. ಶಾಂತ ಆಗತೈತಿ.

“ಇಷ್ಟು ಲಗೂ ಬಂತಂದ್ರ ಮನಸಿನ್ಯಾಗ ಮೊದ್ಲ ಇತ್ತು ಅಂದ್ಕೊಂಡೆ,” ಎಂದಳು. “ಅವತ್ತ ಹೂಂ ಅಂದೆ.”

“ಅದು ಕೇಬಲ್ಲಿನ ಮಾತಿತ್ತು.”

ಅವಳು ಫೋನ್ ತನ್ನತ್ತ ತಿರುಗಿಸಿ ಆ ಸಾಲನ್ನು ಮತ್ತೆ ಓದಿದಳು. ಆಮೇಲೆ ನಕ್ಕಳು. ಕನ್ನಡ ಟೀಚರ್ ನಗು ಅದಲ್ಲ. “ಪೂರಾ ಬರದ್ರ ಅರ್ಥ ಕೆಡತೈತಿ ಅಂತ ಹೇಳಿದ್ದೆ ನಿಮಗ.” ಫೋನ್ ಕೆಳಗಿಟ್ಟು ಕೇಳಿದಳು, “ಹಂಗಾರ ಇನ್ನೊಂದಕ್ಕ ಉತ್ರ ಏನಿತ್ತು?”

“ಬ್ಯಾಡ ಅಂತಿತ್ತು. ನೀ ನನಗ ಬೇಕು ಅಂತಿತ್ತು.”

“ಎಂಟು ತಿಂಗಳದಾಗ ಒಂದು ಐತವಾರ ಹೇಳಬಾರದಿತ್ತೇನು?”

ಐತವಾರಗಳನ್ನೆಲ್ಲ ನಾನು ಬೆಸುಗೆ ಹಾಕಿ ಕಳೆದಿದ್ದೆ.

“ಈಗರ ಬ್ಯಾಡ ಅನ್ನಾಕ ಬರಂಗಿಲ್ಲೇನು?”

“ಸಕ್ಕರಿ ಬಿದ್ದೈತಿ. ಹೂಂ ಅಂದಾಕಿ ನಾನ. ಈಗ ಇಲ್ಲ ಅಂದ್ರ ಅವ್ವ ಈ ಓಣ್ಯಾಗ ತಲಿ ಎತ್ತಿ ಅಡ್ಡಾಡಂಗಿಲ್ಲ.” ಬಳೆ ತಿರುಗಿಸುತ್ತ ಎಂದಳು, “ಅವ್ರು ಭಾಳ ಛಲೋ ಮಂದಿ ಅದಾರ್ರಿ. ಅದ ನೋಡ್ರಿ ತ್ರಾಸು.”

ಏನು ಮಾಡಬೇಕೋ ತಿಳಿಯದೆ ನಾನು ನನಗೆ ಬರುವುದನ್ನೇ ಮಾಡಿದೆ. ಪ್ಲಗ್ಗು ಕಿತ್ತು ಕೇಬಲ್ ಬಿಚ್ಚಿದೆ. ಕರೆಂಟಿನ ಅರ್ಥ್ ಮುಟ್ಟಲಿಲ್ಲ, ಅದು ಜೀವ ಕಾಯುವ ತಂತಿ. ಜಾಳಿಗೆ ತಂತಿಯನ್ನು ಮಾತ್ರ ಪೆಡಲ್ಲಿನ ತುದಿಯಲ್ಲಿ ಕತ್ತರಿಸಿದೆ. ಅವಳು ಬ್ಯಾಟರಿಯ ಬೆಳಕು ಹಿಡಿದಿದ್ದಳು.

ವಾಲ್ವ್ ಕೆಂಪಾಗುವವರೆಗೆ ಇಬ್ಬರೂ ಕಾದೆವು. ಗುಂಯ್ ಇರಲಿಲ್ಲ. ಆ ಮೌನದಲ್ಲಿ, ಹೊರಗೆ ಶಂಕ್ರೆವ್ವ ಯಾರಿಗೋ ಫೋನಿನಲ್ಲಿ ನಿಕ್ಕಿಯಾದ ಸುದ್ದಿ ಹೇಳುವುದು ಅಕ್ಷರಕ್ಕಕ್ಷರ ಕೇಳಿಸಿತು.

ಶಾಂಭವಿ ಒಂದು ತಂತಿ ಮೀಟಿದಳು. ದನಿ ಎದ್ದು, ನಿಧಾನ ಸವೆದು, ಪೂರಾ ಇಲ್ಲವಾಯಿತು.

“ಇಷ್ಟ ಏನ್ರಿ? ಒಂದು ಕಡೆ ಬಿಟ್ರ ಆತು?”

“ಇಷ್ಟ.”

“ನನಗ ಗುಂಯ್ ಅನ್ನೋದ ರೂಢಿ ಆಗಿತ್ತು,” ಎಂದಳು.

ಕತ್ತರಿಸಿದ ತಂತಿಯ ಚೂರನ್ನು ನಾನು ಹುಡುಕಿದೆ. ಅದು ಅವಳ ಮುಷ್ಟಿಯಲ್ಲಿತ್ತು. ಎದ್ದೆ.

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಂಡೆ. ಶಂಕ್ರೆವ್ವ ಅಲ್ಲೇ ಕೂತಿದ್ದಳು. ನಾಲ್ಕು ಜನರ ಎದುರಿಗೆ ಹೇಗೆ ಮಾತಾಡಬೇಕೋ ಹಾಗೆ ಮಾತಾಡಿದೆ. “ಬರತೀನ್ರಿ ಟೀಚರ್.”

ಬಾಗಿಲವರೆಗೆ ಬಂದಿದ್ದ ಶಾಂಭವಿ ಅವ್ವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಮೊದಲ ದಿನ ನೋಡಿದ ಹಾಗೆಯೇ.

“ಹೋಗಿ ಬಾ,” ಎಂದಳು. ಬರ್ರಿ ಎನ್ನಲಿಲ್ಲ.